‘ಹಲ್ಲು ಬರ್ತಿದೆ, ಅಷ್ಟೇ’: ಈ ಒಂದು ಮಾತು ಯಾವ ಜ್ವರ, ಯಾವ ಭೇದಿಯನ್ನು ಮರೆಮಾಡುತ್ತದೆ?

ಎಂಟು ತಿಂಗಳ ಮಗು. ಎರಡು ದಿನದಿಂದ ರಚ್ಚೆ ಹಿಡಿದಿದೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿ ಕಚ್ಚುತ್ತಿದೆ, ಜೊಲ್ಲಿನಿಂದ ಅಂಗಿಯ ಎದೆಭಾಗ ಸದಾ ಒದ್ದೆ. ಮೂರನೆಯ ದಿನ ಮೈ ಬಿಸಿ, ನಾಲ್ಕೈದು ಸಲ ನೀರು ನೀರಾಗಿ ಭೇದಿ. ಊರಿಗೆ ಫೋನ್ ಮಾಡಿದರೆ ಅಜ್ಜಿಯ ಉತ್ತರ: “ಹಲ್ಲು ಬರ್ತಿದೆ, ಅಷ್ಟೇ. ಹಲ್ಲು ಬಂದ್ಮೇಲೆ ಎಲ್ಲಾ ಸರಿಹೋಗುತ್ತೆ.” ಪುಣೆಯ ಪಾಳಣಾಘರದ ಆಯಾ “ದಾತ್ ಯೇತಾಯತ್” ಎನ್ನುತ್ತಾರೆ. ಚೆನ್ನೈನ ಮನೆಕೆಲಸದ ಅಕ್ಕ, ಹೈದರಾಬಾದ್‌ನ ಪಕ್ಕದ ಮನೆಯವರು, ದೆಹಲಿಯ ಮೆಡಿಕಲ್ ಅಂಗಡಿಯವರು ತಮ್ಮ ತಮ್ಮ ಭಾಷೆಯಲ್ಲಿ ಇದನ್ನೇ ಹೇಳುತ್ತಾರೆ. ಭಾಷೆ ಬೇರೆಯಾದರೂ ನಂಬಿಕೆ ಎಲ್ಲ ಕಡೆ ಒಂದೇ.

ಈ ಮಾತಿನಲ್ಲಿ ಅರ್ಧ ನಿಜವಿದೆ. ಹಲ್ಲು ಹುಟ್ಟುವಾಗ ಮಗುವಿಗೆ ಕಿರಿಕಿರಿ ಆಗುವುದು ನಿಜ. ಆದರೆ ಜ್ವರ ಮತ್ತು ಭೇದಿ ಹಲ್ಲಿನಿಂದ ಬರುವುದಿಲ್ಲ. ಅಪಾಯ ಇರುವುದು ಹಲ್ಲಿನಲ್ಲಲ್ಲ. ಹಲ್ಲೇ ಕಾರಣವೆಂದು ಸುಮ್ಮನೆ ಕಾಯುವ ಒಂದೆರಡು ದಿನಗಳಲ್ಲಿ, ಆ ದಿನಗಳಲ್ಲಿ ಮಗುವಿಗೆ ಕುಡಿಸುವ, ವಸಡಿಗೆ ಹಚ್ಚುವ, ಕೊರಳಿಗೆ ಕಟ್ಟುವ ವಸ್ತುಗಳಲ್ಲಿ.

2025ರ ಅಕ್ಟೋಬರ್‌ನಲ್ಲಿ, ಎರಡೇ ವಾರಗಳ ಅಂತರದಲ್ಲಿ, ಪುಟ್ಟ ಮಕ್ಕಳ ಔಷಧ ಮತ್ತು ಪಾನೀಯಗಳ ಬಗ್ಗೆ ಕೇಂದ್ರದಿಂದ ಎರಡು ಮುಖ್ಯ ಸೂಚನೆಗಳು ಬಂದವು. ಒಂದು ಕೆಮ್ಮಿನ ಸಿರಪ್ ಬಗ್ಗೆ, ಇನ್ನೊಂದು ‘ಓಆರ್‌ಎಸ್’ ಎಂಬ ಹೆಸರಿನ ಬಗ್ಗೆ. ಎರಡರಲ್ಲೂ ಹಲ್ಲಿನ ಮಾತಿಲ್ಲ. ಆದರೂ ಹಲ್ಲು ಹುಟ್ಟುವ ವಯಸ್ಸಿನ ಮಗುವಿರುವ ಮನೆಗೆ ಇವೆರಡೂ ನೇರವಾಗಿ ಸಂಬಂಧಿಸಿವೆ. ಹೇಗೆ ಎಂಬುದನ್ನು ಮುಂದೆ ನೋಡೋಣ. ಮೊದಲು ಹಲ್ಲಿನ ವಿಷಯ.

ಹಲ್ಲು ಹುಟ್ಟುವಾಗ ನಿಜಕ್ಕೂ ಏನಾಗುತ್ತದೆ?

ಹಾಲುಹಲ್ಲುಗಳು ಒಟ್ಟು 20. ಸಾಮಾನ್ಯವಾಗಿ 6ರಿಂದ 10 ತಿಂಗಳೊಳಗೆ ಕೆಳಗಿನ ನಡುವಿನ ಎರಡು ಹಲ್ಲು ಮೊದಲು ಕಾಣಿಸುತ್ತವೆ. 8ರಿಂದ 12 ತಿಂಗಳೊಳಗೆ ಮೇಲಿನ ನಡುವಿನ ಎರಡು, ಆಮೇಲೆ ಅವುಗಳ ಅಕ್ಕಪಕ್ಕದವು. ಮೊದಲ ದವಡೆ ಹಲ್ಲು 13ರಿಂದ 19 ತಿಂಗಳ ನಡುವೆ, ಕೋರೆಹಲ್ಲು 16ರಿಂದ 23 ತಿಂಗಳ ನಡುವೆ, ಕೊನೆಯ ದವಡೆ ಹಲ್ಲು ಎರಡು ವರ್ಷದ ಆಸುಪಾಸಿನಿಂದ ಮೂರು ವರ್ಷ ತುಂಬುವುದರೊಳಗೆ.

ಈ ಕ್ರಮ ಎಲ್ಲ ಮಕ್ಕಳಲ್ಲೂ ಒಂದೇ ಆಗಿರಬೇಕೆಂದಿಲ್ಲ. ನಾಲ್ಕು ತಿಂಗಳಿಗೇ ಹಲ್ಲು ಬರುವ ಮಕ್ಕಳಿದ್ದಾರೆ, ವರ್ಷ ತುಂಬಿದರೂ ಬೊಚ್ಚುಬಾಯಿಯಲ್ಲೇ ನಗುವ ಮಕ್ಕಳೂ ಇದ್ದಾರೆ. 18 ತಿಂಗಳಾದರೂ ಒಂದು ಹಲ್ಲೂ ಕಾಣದಿದ್ದರೆ ಮಾತ್ರ ತೋರಿಸಲೇಬೇಕು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲ ಎಂದು ಕೆಲವು ಮನೆಗಳಲ್ಲಿ ಹೇಳುವುದುಂಟು. ಅದು ಕ್ರಮದಲ್ಲಿನ ಸಣ್ಣ ವ್ಯತ್ಯಾಸ, ಅಷ್ಟೇ. ಮಗುವಿಗೂ ಮಾವನಿಗೂ ಅದರಿಂದ ಏನೂ ಆಗುವುದಿಲ್ಲ.

ಹಲ್ಲು ಮೇಲೇಳುವಾಗ ಆ ಜಾಗದ ವಸಡು ಉಬ್ಬುತ್ತದೆ, ಕೆಂಪಾಗುತ್ತದೆ, ಮುಟ್ಟಿದರೆ ನೋಯಬಹುದು. ಕೆಲವೊಮ್ಮೆ ನೀಲಿ ಬಣ್ಣದ ಸಣ್ಣ ಗುಳ್ಳೆಯೂ ಕಾಣುತ್ತದೆ. ಹಲ್ಲಿನ ಮೇಲೆ ಸ್ವಲ್ಪ ದ್ರವ ಅಥವಾ ರಕ್ತ ಸೇರಿ ಹಾಗಾಗುತ್ತದೆ. ಹಲ್ಲು ಹೊರಬಂದಾಗ ತಾನಾಗಿ ಒಡೆದುಹೋಗುತ್ತದೆ, ಚುಚ್ಚಬಾರದು.

ಬ್ರೆಜಿಲ್‌ನ ಸಂಶೋಧಕರು ವಿವಿಧ ದೇಶಗಳಲ್ಲಿ ನಡೆದ 16 ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಅದರ ಪ್ರಕಾರ ಹಲ್ಲು ಹುಟ್ಟುವಾಗ ಹೆಚ್ಚಾಗಿ ಕಾಣುವ ಲಕ್ಷಣಗಳು ಮೂರು: ವಸಡಿನ ಕಿರಿಕಿರಿ (ಸುಮಾರು 87%), ಮಗುವಿನ ರಚ್ಚೆ (ಸುಮಾರು 68%), ಜೊಲ್ಲು (ಸುಮಾರು 56%). ಮೈಬಿಸಿ ಅತ್ಯಲ್ಪ ಏರಬಹುದು, ಆದರೆ ಜ್ವರ ಎನ್ನುವ ಮಟ್ಟ ಮುಟ್ಟುವುದಿಲ್ಲ ಎಂಬುದು ಅವರ ತೀರ್ಮಾನ. ಜ್ವರ ಎಂದರೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು.

ಜ್ವರ, ಭೇದಿ ಹಲ್ಲಿನಿಂದಲ್ಲ ಎಂದು ಹೇಗೆ ಗೊತ್ತಾಯಿತು?

ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದು 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 125 ಮಕ್ಕಳ ತಂದೆತಾಯಿ ದಿನವೂ ಮಗುವಿನ ಮೈಬಿಸಿ, ನಿದ್ರೆ, ಊಟ, ಮಲವಿಸರ್ಜನೆಯ ಲೆಕ್ಕ ಬರೆದಿಟ್ಟರು. ಒಟ್ಟು 475 ಹಲ್ಲುಗಳು ಹುಟ್ಟಿದ ದಿನಗಳೂ ಅದರಲ್ಲಿ ದಾಖಲಾದವು. ಹಲ್ಲು ಕಾಣಿಸುವ ನಾಲ್ಕು ದಿನ ಮೊದಲು, ಕಾಣಿಸಿದ ದಿನ, ಆಮೇಲಿನ ಮೂರು ದಿನ: ಹೀಗೆ ಎಂಟು ದಿನಗಳಲ್ಲಿ ಕಚ್ಚುವುದು, ಜೊಲ್ಲು, ವಸಡು ಉಜ್ಜಿಕೊಳ್ಳುವುದು, ರಚ್ಚೆ ಸ್ವಲ್ಪ ಹೆಚ್ಚಾಗಿದ್ದವು. ಆದರೆ ಭೇದಿ, ವಾಂತಿ, ಕೆಮ್ಮು, 102 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರಕ್ಕೂ ಹಲ್ಲಿಗೂ ಸಂಬಂಧ ಕಾಣಲಿಲ್ಲ. ಇನ್ನೂ ಒಂದು ಮಾತು ಗಮನಿಸಬೇಕು: ಹಲ್ಲು ಹುಟ್ಟುತ್ತಿದ್ದ ಮಕ್ಕಳಲ್ಲಿ ಯಾವ ಒಂದು ಲಕ್ಷಣವೂ 35%ಕ್ಕಿಂತ ಹೆಚ್ಚು ಮಕ್ಕಳಲ್ಲಿ ಕಾಣಲಿಲ್ಲ. ಹಾಗಾಗಿ ‘ಈ ಲಕ್ಷಣ ಇದೆ, ನಾಳೆ ಹಲ್ಲು ಬರುತ್ತದೆ’ ಎಂದು ಮುಂಚೆಯೇ ಹೇಳಲು ಸಾಧ್ಯವಿಲ್ಲ.

ಅದೇ ವರ್ಷ ಪ್ರಕಟವಾದ ಆಸ್ಟ್ರೇಲಿಯದ ಮೆಲ್ಬರ್ನ್ ಅಧ್ಯಯನ ಚಿಕ್ಕದು, ಆದರೆ ಕುತೂಹಲಕರ. ಡೇ ಕೇರ್‌ಗೆ ಬರುವ 21 ಮಕ್ಕಳ ಬಾಯಿಯನ್ನು ತರಬೇತಿ ಪಡೆದವರೇ ಪರೀಕ್ಷಿಸುತ್ತಿದ್ದರು. 90 ಹಲ್ಲುಗಳು ಹುಟ್ಟಿದವು. ಜ್ವರಕ್ಕೂ ಭೇದಿಗೂ ಹಲ್ಲು ಮೂಡಿದ ದಿನಗಳಿಗೂ ನಂಟು ಸಿಗಲಿಲ್ಲ. ಆದರೆ ಅಧ್ಯಯನ ಮುಗಿದ ಮೇಲೆ ತಂದೆತಾಯಿಯರನ್ನು ಕೇಳಿದರೆ, ತಮ್ಮ ಮಗುವಿಗೆ ಹಲ್ಲು ಬರುವಾಗ ತೊಂದರೆ ಆಗಿತ್ತು ಎಂದೇ ಎಲ್ಲರೂ ನೆನಪಿಸಿಕೊಂಡರು. ದಿನದಿನದ ದಾಖಲೆ ಒಂದು ಹೇಳಿದರೆ, ನೆನಪು ಇನ್ನೊಂದು ಹೇಳುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ, ನಮ್ಮ ನೆನಪು ಕೆಲಸ ಮಾಡುವ ರೀತಿಯೇ ಹಾಗೆ.

ಹಾಗಾದರೆ ಈ ನಂಬಿಕೆ ಇಷ್ಟು ಗಟ್ಟಿ ಏಕೆ?

ಕಾಲ ಒಂದೇ ಆಗಿರುವುದರಿಂದ. ಆರು ತಿಂಗಳ ಹೊತ್ತಿಗೆ ಮಗುವಿನ ಬದುಕಿನಲ್ಲಿ ಹಲವು ಬದಲಾವಣೆಗಳು ಒಟ್ಟಿಗೇ ನಡೆಯುತ್ತವೆ. ಹುಟ್ಟುವಾಗ ತಾಯಿಯಿಂದ ಬಂದ ರೋಗನಿರೋಧಕ ಕಣಗಳು ಕಡಿಮೆಯಾಗುತ್ತವೆ. ಎದೆಹಾಲಿನ ಜೊತೆಗೆ ರಾಗಿ ಸರಿ, ಮೆತ್ತಗಿನ ಅನ್ನ, ಬೇಳೆಕಟ್ಟು ಶುರುವಾಗುತ್ತದೆ. ಅದರೊಂದಿಗೆ ಬಟ್ಟಲು, ಚಮಚ, ನೀರು, ಕೈಗಳ ಮೂಲಕ ರೋಗಾಣುಗಳೂ ಒಳಗೆ ಹೋಗುತ್ತವೆ. ಮಗು ಅಂಬೆಗಾಲಿಡುತ್ತದೆ, ನೆಲದಲ್ಲಿ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆ. ಹೆರಿಗೆ ರಜೆ ಮುಗಿದು ಅಮ್ಮ ಕೆಲಸಕ್ಕೆ ಹೋಗುವುದೂ, ಮಗು ಡೇ ಕೇರ್ ಸೇರುವುದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ. ಮೊದಲ ಹಲ್ಲು ಬರುವುದೂ ಆಗಲೇ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದೊಂದು ಹಲ್ಲಿಗೂ ಎಂಟು ದಿನ ಎಂದರೆ 20 ಹಲ್ಲಿಗೆ 160 ದಿನ. ಈ ಹಲ್ಲುಗಳು ಹುಟ್ಟುವುದು ಸುಮಾರು ಎರಡು ವರ್ಷ, ಅಂದರೆ 730 ದಿನಗಳ ಅವಧಿಯಲ್ಲಿ. ಎಷ್ಟೋ ಹಲ್ಲುಗಳು ಜೋಡಿಯಾಗಿ ಬರುವುದರಿಂದ ನಿಜವಾದ ದಿನಗಳು ಕಡಿಮೆಯೇ ಇರಬಹುದು. ಆದರೂ ಈ ವಯಸ್ಸಿನಲ್ಲಿ ಐದಾರು ದಿನಕ್ಕೊಂದು ದಿನ ‘ಹಲ್ಲಿನ ದಿನ’ವೇ ಆಗಿರುತ್ತದೆ. ಮಗುವಿಗೆ ಬರುವ ಯಾವ ಜ್ವರದ ಪಕ್ಕದಲ್ಲಾದರೂ ಒಂದು ಹಲ್ಲು ಸಿಕ್ಕೇ ಸಿಗುತ್ತದೆ. ಜ್ವರ ನಾಲ್ಕು ದಿನಕ್ಕೆ ತಾನಾಗಿ ಇಳಿದು ಐದನೆಯ ದಿನ ಹಲ್ಲು ಕಂಡರೆ ‘ನಾನು ಹೇಳಲಿಲ್ವಾ?’ ಎಂಬ ಮಾತು ಬರುತ್ತದೆ. ಹಲ್ಲು ಕಾಣದೆ ಇಳಿದ ಜ್ವರವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಲ್ಲಿನ ಹೆಸರಿನಲ್ಲಿ ಬಂದ ಸಾವುಗಳು

ಇದು ನಮ್ಮ ಅಜ್ಜಿಯರ ತಪ್ಪು ಕಲ್ಪನೆ ಮಾತ್ರ ಎಂದುಕೊಂಡರೆ ಅವರಿಗೆ ಅನ್ಯಾಯ ಮಾಡಿದಂತೆ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಸರ್ಕಾರಿ ಮರಣ ದಾಖಲೆಗಳಲ್ಲೇ ‘ಹಲ್ಲು ಹುಟ್ಟುವಿಕೆ’ ಎಂಬುದು ಸಾವಿನ ಕಾರಣವಾಗಿ ನಮೂದಾಗುತ್ತಿತ್ತು. ಸಾವಿರಾರು ಮಕ್ಕಳ ಹೆಸರಿನ ಮುಂದೆ ಹಾಗೆ ಬರೆಯಲಾಯಿತು. ಹಲ್ಲಿಗೆ ದಾರಿ ಮಾಡಿಕೊಡುತ್ತೇವೆಂದು ವೈದ್ಯರೇ ವಸಡು ಕೊಯ್ಯುತ್ತಿದ್ದರು.

ಹಲ್ಲು ಹುಟ್ಟುವ ಮಕ್ಕಳಿಗೆಂದೇ ಮಾರುತ್ತಿದ್ದ ಪುಡಿಗಳಲ್ಲಿ ಕ್ಯಾಲೊಮೆಲ್ ಇರುತ್ತಿತ್ತು. ಅದು ಪಾದರಸದ ಒಂದು ಲವಣ. ಅದನ್ನು ತಿಂದ ಕೆಲವು ಮಕ್ಕಳ ಕೈಕಾಲು ಗುಲಾಬಿ ಬಣ್ಣಕ್ಕೆ ತಿರುಗಿ, ಚರ್ಮ ಸುಲಿದು, ಮಕ್ಕಳು ನೋವಿನಿಂದ ನರಳುತ್ತಿದ್ದರು. ‘ಪಿಂಕ್ ಡಿಸೀಸ್’ ಎಂದು ಕರೆದ ಈ ಕಾಯಿಲೆಗೆ ಪಾದರಸವೇ ಕಾರಣವೆಂದು 1940ರ ದಶಕದಲ್ಲಿ ಗೊತ್ತಾಯಿತು. 1950ರ ದಶಕದಲ್ಲಿ ಬ್ರಿಟನ್‌ನಲ್ಲಿ ಆ ಪುಡಿಗಳಿಂದ ಕ್ಯಾಲೊಮೆಲ್ ತೆಗೆದ ಮೇಲೆ ಕಾಯಿಲೆಯೂ ಹೆಚ್ಚುಕಡಿಮೆ ಮಾಯವಾಯಿತು.

ಇದು ಹಳೆಯ ಕಥೆಯಾಗಿ ಉಳಿಯಲಿಲ್ಲ. 2008ರ ಕೊನೆಯಲ್ಲಿ ನೈಜೀರಿಯದಲ್ಲಿ ‘ಮೈ ಪಿಕಿನ್’ ಎಂಬ ಸಿರಪ್ ಕುಡಿದ ಮಕ್ಕಳ ಮೂತ್ರಪಿಂಡಗಳು ಕೆಲಸ ನಿಲ್ಲಿಸತೊಡಗಿದವು. ಅದು ಹಲ್ಲು ಹುಟ್ಟುವಾಗಿನ ನೋವಿಗೆಂದೇ ಮಾರುತ್ತಿದ್ದ ಪ್ಯಾರಾಸಿಟಮಾಲ್ ಸಿರಪ್. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ರಾಸಾಯನಿಕ ಸೇರಿತ್ತು. 84 ಮಕ್ಕಳು ಸತ್ತರೆಂದು ವರದಿಯಾಯಿತು. ಹಲ್ಲು ಒಂದು ಮಗುವನ್ನೂ ಕೊಂದಿರಲಿಲ್ಲ, ಹಲ್ಲಿಗೆಂದು ಕೊಟ್ಟ ಔಷಧ ಕೊಂದಿತ್ತು.

ಅಕ್ಟೋಬರ್ 2025ರ ಎರಡು ಸೂಚನೆಗಳು

ಡೈಎಥಿಲೀನ್ ಗ್ಲೈಕಾಲ್ ಎಂಬ ಹೆಸರು ಈಗ ನಮಗೂ ಪರಿಚಿತ. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ‘ಕೋಲ್ಡ್ರಿಫ್’ ಎಂಬ ಕೆಮ್ಮು-ಶೀತದ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವೈಫಲ್ಯದಿಂದ ತೀರಿಕೊಂಡರು. ಸಿರಪ್ ತಯಾರಾಗಿದ್ದು ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ. ತಮಿಳುನಾಡಿನ ಸರ್ಕಾರಿ ಪ್ರಯೋಗಾಲಯ ಪರೀಕ್ಷಿಸಿದ ಮಾದರಿಯಲ್ಲಿ 48.6% ಡೈಎಥಿಲೀನ್ ಗ್ಲೈಕಾಲ್ ಇತ್ತು. ಅನುಮತಿ ಇರುವ ಮಿತಿ 0.1%.

2025ರ ಅಕ್ಟೋಬರ್ 3ರಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ರಾಜ್ಯಗಳಿಗೆ ಸಲಹಾಪತ್ರ ಕಳಿಸಿತು: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ಶೀತದ ಔಷಧ ಬರೆದುಕೊಡಬಾರದು, ಕೊಡಲೂಬಾರದು. ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಶಿಫಾರಸು ಇಲ್ಲ. ಇದಕ್ಕೂ ಮುನ್ನ, 2023ರ ಡಿಸೆಂಬರ್‌ನಲ್ಲಿ, ಕ್ಲೋರ್‌ಫೆನಿರಮೈನ್ ಮತ್ತು ಫೀನೈಲೆಫ್ರಿನ್ ಜೊತೆಯಾಗಿರುವ ಔಷಧವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಲೇಬಲ್ ಮೇಲೆ ಮುದ್ರಿಸುವಂತೆ ಔಷಧ ನಿಯಂತ್ರಕರು ಸೂಚಿಸಿದ್ದರು.

ಇದು ಹಲ್ಲಿಗೆ ಹೇಗೆ ಸಂಬಂಧ? ಹಲ್ಲು ಬರುವ ಮಗುವಿಗೆ ಸ್ವಲ್ಪ ಮೈ ಬಿಸಿ, ಸ್ವಲ್ಪ ಮೂಗು ಸೋರುವುದು, ರಾತ್ರಿ ನಿದ್ರೆ ಇಲ್ಲ. ‘ಕುಡಿದರೆ ಮಲಗುತ್ತೆ’ ಎಂದು ಹೋದ ಸಲದ ಸಿರಪ್ ಬಾಟಲಿ ಕೈಗೆ ಬರುತ್ತದೆ. ಕ್ಲೋರ್‌ಫೆನಿರಮೈನ್ ಥರದ ಔಷಧಗಳಿಂದ ಮಂಪರು ಬರುವುದು ನಿಜ. ಅದು ವಸಡಿನ ನೋವಿಗೆ ಔಷಧವಲ್ಲ, ಪುಟ್ಟ ಮಗುವಿಗೆ ಸುರಕ್ಷಿತವೂ ಅಲ್ಲ. ಎರಡು ವರ್ಷದೊಳಗಿನ ಮಗುವಿರುವ ಮನೆಯಲ್ಲಿ ಅರ್ಧ ಉಳಿದ ಕೆಮ್ಮಿನ ಸಿರಪ್ ಇಟ್ಟುಕೊಳ್ಳಬೇಡಿ.

ಎರಡನೆಯ ಸೂಚನೆ ಅಕ್ಟೋಬರ್ 14ರದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳು ಹೆಸರಿನಲ್ಲಿ ‘ಓಆರ್‌ಎಸ್’ ಎಂದು ಬಳಸಿಕೊಳ್ಳಲು ಹಿಂದೆ ಕೊಟ್ಟಿದ್ದ ಅನುಮತಿಯನ್ನು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಹಿಂತೆಗೆದುಕೊಂಡಿತು. ಹೈದರಾಬಾದ್‌ನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಸುಮಾರು ಎಂಟು ವರ್ಷ ಇದಕ್ಕಾಗಿ ಹೋರಾಡಿದ್ದರು. ಅವರ ಆಕ್ಷೇಪ ಸರಳವಾಗಿತ್ತು: ಸಕ್ಕರೆ ತುಂಬಿದ ಹಣ್ಣಿನ ರುಚಿಯ ಪಾನೀಯವನ್ನು ಓಆರ್‌ಎಸ್ ಎಂದು ನಂಬಿ ಭೇದಿಯಾದ ಮಗುವಿಗೆ ಕುಡಿಸಿದರೆ ಭೇದಿ ಹೆಚ್ಚುತ್ತದೆ. ಕರುಳಿನಲ್ಲಿ ಸಕ್ಕರೆ ಅತಿಯಾದರೆ ಅದು ದೇಹದ ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ. ನಿಜವಾದ ಓಆರ್‌ಎಸ್‌ನ ಒಂದು ಲೀಟರ್‌ನಲ್ಲಿ ಇರುವ ಗ್ಲೂಕೋಸ್ 13.5 ಗ್ರಾಂ ಮಾತ್ರ.

ಎರಡೂ ಸೂಚನೆಗಳು ಬೇಕಾಗಿದ್ದವೇ. ಆದರೆ ಅವು ಮನೆಯೊಳಗೆ ಕೆಲಸಕ್ಕೆ ಬರಬೇಕಾದರೆ ಮಗುವಿಗೆ ಕಾಯಿಲೆ ಬಂದಿದೆ ಎಂದು ಮೊದಲು ಯಾರಾದರೂ ಒಪ್ಪಿಕೊಳ್ಳಬೇಕು. ‘ಹಲ್ಲಿನ ಭೇದಿ’ ಎಂದುಕೊಂಡ ಮನೆಯಲ್ಲಿ ನಿಜವಾದ ಓಆರ್‌ಎಸ್ ಕೂಡ ಪೊಟ್ಟಣದಲ್ಲೇ ಉಳಿಯುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019-21) ಹಿಂದಿನ ಎರಡು ವಾರಗಳಲ್ಲಿ ಭೇದಿಯಾಗಿದ್ದ ಐದು ವರ್ಷದೊಳಗಿನ ಮಕ್ಕಳು 7.3%. ಅವರಲ್ಲಿ ಓಆರ್‌ಎಸ್ ಸಿಕ್ಕಿದ್ದು 60.6% ಮಕ್ಕಳಿಗೆ, ಜಿಂಕ್ ಸಿಕ್ಕಿದ್ದು 30.5% ಮಕ್ಕಳಿಗೆ ಮಾತ್ರ. ಉಳಿದವರಿಗೆ ಸಿಗದಿರಲು ಕಾರಣ ಹಲವು ಇರಬಹುದು. ‘ಹಲ್ಲು ಬರ್ತಿದೆ’ ಎಂಬುದು ನಾವು ಇಂದೇ ಕೈಬಿಡಬಹುದಾದ ಒಂದು ಕಾರಣ.

ಭೇದಿಯಾದರೆ ಏನು ಮಾಡಬೇಕು?

ಹಲ್ಲು ಬರುತ್ತಿರಲಿ, ಬಿಡಲಿ, ಭೇದಿಗೆ ಮಾಡಬೇಕಾದ್ದು ಒಂದೇ.

• ಎದೆಹಾಲು ನಿಲ್ಲಿಸಬೇಡಿ, ಇನ್ನೂ ಹೆಚ್ಚು ಸಲ ಕೊಡಿ. ಊಟ ಶುರುವಾಗಿದ್ದರೆ ಅದನ್ನೂ ಸ್ವಲ್ಪ ಸ್ವಲ್ಪವಾಗಿ ಮುಂದುವರಿಸಿ.

• ಓಆರ್‌ಎಸ್ ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟಕ್ಕೇ ಇಡೀ ಪೊಟ್ಟಣ ಕಲಸಿ. ಒಂದು ಲೀಟರ್‌ನದ್ದೂ ಇದೆ, 200 ಮಿಲಿಲೀಟರ್‌ನದ್ದೂ ಇದೆ. ಅಂದಾಜಿನಲ್ಲಿ ಒಂದೊಂದು ಚಮಚ ಪುಡಿ ಬೆರೆಸಬೇಡಿ. ಕಲಸಿದ್ದು 24 ಗಂಟೆಯೊಳಗೆ ಮುಗಿಯಬೇಕು, ಉಳಿದರೆ ಚೆಲ್ಲಿ.

• ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್, ಚಮಚದಿಂದ ನಿಧಾನವಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ.

• ಜಿಂಕ್: 2ರಿಂದ 6 ತಿಂಗಳ ಮಗುವಿಗೆ ದಿನಕ್ಕೆ 10 ಮಿಲಿಗ್ರಾಂ, 6 ತಿಂಗಳ ಮೇಲೆ 20 ಮಿಲಿಗ್ರಾಂ. ಭೇದಿ ನಿಂತರೂ ಒಟ್ಟು 14 ದಿನ. ಇದನ್ನು ವೈದ್ಯರು ಅಥವಾ ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ ಶುರು ಮಾಡಿ.

• ಭೇದಿ ನಿಲ್ಲಿಸುವ ಮಾತ್ರೆ, ಹಳೆಯ ಆ್ಯಂಟಿಬಯಾಟಿಕ್ ಸಿರಪ್ ನೀವಾಗಿ ಕೊಡಬೇಡಿ.

ವಸಡಿಗೆ ಹಚ್ಚುವ ಜೆಲ್, ಸಿಹಿ ಮಾತ್ರೆ, ಹಾರ, ಬಜೆ

ಜೆಲ್: ಜೆಲ್ ಹಚ್ಚಿದರೆ ಜೊಲ್ಲಿನ ಜೊತೆ ಕೆಲವೇ ನಿಮಿಷಗಳಲ್ಲಿ ಅದು ಹೊಟ್ಟೆಗೆ ಹೋಗುತ್ತದೆ. ನೋವು ಹೋಗಲಿಲ್ಲವೆಂದು ಮತ್ತೆ ಮತ್ತೆ ಹಚ್ಚುತ್ತೇವೆ. ಬೆಂಜೊಕೇನ್ ಇರುವ ಜೆಲ್‌ಗಳಿಂದ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುವ ಅಪಾಯವಿದೆ. ಹಾಗಾಗಿ ಎರಡು ವರ್ಷದೊಳಗಿನವರಿಗೆ ಅದನ್ನು ಬಳಸಬೇಡಿ ಎಂದು ಅಮೆರಿಕದ ಎಫ್‌ಡಿಎ 2018ರ ಮೇ ತಿಂಗಳಲ್ಲಿ ಎಚ್ಚರಿಸಿತು. ಲಿಡೊಕೇನ್ (ನಮ್ಮಲ್ಲಿ ಲಿಗ್ನೊಕೇನ್ ಎಂದೂ ಬರೆದಿರುತ್ತದೆ) ದ್ರಾವಣವನ್ನು ಹಲ್ಲುನೋವಿಗೆಂದು ಶಿಶುಗಳಿಗೆ ಹಚ್ಚಿ ಫಿಟ್ಸ್, ಹೃದಯದ ತೊಂದರೆ, ಸಾವು ಕೂಡ ಸಂಭವಿಸಿದ ಪ್ರಕರಣಗಳ ಮೇಲೆ 2014ರಲ್ಲೇ ಅದು ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿತ್ತು. ಕೋಲೀನ್ ಸ್ಯಾಲಿಸಿಲೇಟ್ ಆಸ್ಪಿರಿನ್‌ನ ನೆಂಟ. ಅಂಥ ಬಾಯಿ ಜೆಲ್‌ಗಳನ್ನು 16 ವರ್ಷದೊಳಗಿನವರಿಗೆ ಬಳಸಬಾರದೆಂದು ಬ್ರಿಟನ್ 2009ರಲ್ಲಿ ಹೇಳಿತು. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಬಾಯಿಹುಣ್ಣಿಗೆ ಸಿಗುವ ಎಷ್ಟೋ ಜೆಲ್‌ಗಳಲ್ಲಿ ಈ ಎರಡು ಅಂಶಗಳೇ ಇರುತ್ತವೆ. ದೊಡ್ಡವರ ಹುಣ್ಣಿಗೆ ತಂದ ಟ್ಯೂಬ್ ಮಗುವಿನ ವಸಡಿಗೆ ಹೋಗಬಾರದು.

ಹಲ್ಲಿನ ಸಿಹಿ ಮಾತ್ರೆಗಳು: ಅಮೆರಿಕದಲ್ಲಿ ಮಾರುತ್ತಿದ್ದ ಕೆಲವು ಹೋಮಿಯೋಪಥಿ ಹಲ್ಲಿನ ಮಾತ್ರೆಗಳಲ್ಲಿ ಬೆಲ್ಲಡೋನ ಎಂಬ ವಿಷಗಿಡದ ಅಂಶ ಒಂದೊಂದು ಮಾತ್ರೆಯಲ್ಲಿ ಒಂದೊಂದು ಪ್ರಮಾಣದಲ್ಲಿತ್ತು, ಕೆಲವದರಲ್ಲಿ ಲೇಬಲ್‌ನಲ್ಲಿ ಬರೆದಿದ್ದಕ್ಕಿಂತ ಬಹಳ ಹೆಚ್ಚಾಗಿತ್ತು ಎಂದು ಎಫ್‌ಡಿಎ 2017ರಲ್ಲಿ ದೃಢಪಡಿಸಿತು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಕ್ಯಾಲ್ಸಿಯಂ ಲವಣದ ಬಯೋಕೆಮಿಕ್ ಮಾತ್ರೆಗಳು ಬೇರೆಯವು. ಆದರೆ ‘ಸಿಹಿಗುಳಿಗೆ ತಾನೇ, ಏನಾಗುತ್ತೆ’ ಎಂದು ಲೇಬಲ್ ಓದದೆ ಕೊಡುವ ಅಭ್ಯಾಸಕ್ಕೆ ಈ ಪ್ರಕರಣ ಒಂದು ಪಾಠ. ಹಲ್ಲು ತಡವಾಯಿತೆಂದು ನೀವಾಗಿ ಕ್ಯಾಲ್ಸಿಯಂ ಸಿರಪ್ ಕೊಡುವುದೂ ಬೇಡ.

ಹಾರ, ಬಳೆ: ಆನ್‌ಲೈನ್‌ನಲ್ಲಿ ‘ಆ್ಯಂಬರ್’ ಮಣಿಗಳ ಹಾರ ಹಲ್ಲುನೋವು ತಗ್ಗಿಸುತ್ತದೆಂದು ಮಾರುತ್ತಾರೆ. ಅಮೆರಿಕದಲ್ಲಿ 18 ತಿಂಗಳ ಮಗುವೊಂದು ಇಂಥ ಹಾರ ಕೊರಳಿಗೆ ಬಿಗಿದು ನಿದ್ದೆಯಲ್ಲೇ ಸತ್ತಿತು. ಆಮೇಲೆ 2018ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಎಚ್ಚರಿಕೆ ನೀಡಿತು. ಮಣಿ ಕಳಚಿದರೆ ಗಂಟಲಿಗೂ ಸಿಕ್ಕಿಕೊಳ್ಳುತ್ತದೆ. ದೃಷ್ಟಿಗೆ ಕಟ್ಟುವ ಕರಿಮಣಿ, ತಾಯತದ ದಾರಕ್ಕೂ ಇದೇ ಮಾತು: ಕೊರಳಲ್ಲಿ ಬೇಡ, ಮಲಗುವಾಗ ಖಂಡಿತ ಬೇಡ.

ಬಜೆ: ನಮ್ಮ ಕಡೆ ಬಜೆ ತೇದು ನಾಲಿಗೆಗೆ ಹಚ್ಚುತ್ತಾರೆ, ಕೈಬಳೆ ಮಾಡಿ ಕಟ್ಟುತ್ತಾರೆ. ಚೆನ್ನೈನಲ್ಲಿ ಇದೇ ವಸಂಬು. ಹಲ್ಲು ಬರುವ ಮಗು ಆ ಬಳೆಯನ್ನೇ ಕಚ್ಚುತ್ತದೆ, ತುಂಡು ಗಂಟಲಲ್ಲಿ ಸಿಕ್ಕಬಹುದು. ಬಜೆಯಲ್ಲಿ ಬೀಟಾ-ಅಸರೋನ್ ಎಂಬ ಹಾನಿಕರ ಅಂಶವಿರುವುದರಿಂದ ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ಅಜ್ಜಿಯ ಮನಸ್ಸು ನೋಯಿಸದೆ ಹೇಳುವುದಾದರೆ, ಬಜೆಯನ್ನು ಮಗುವಿನ ಬಾಯಿಯಿಂದ ದೂರವಿಡಿ.

ಜೇನು: ವರ್ಷ ತುಂಬುವವರೆಗೆ ಬೇಡವೇ ಬೇಡ, ವಸಡಿಗೂ ಬೇಡ, ನಿಪ್ಪಲ್‌ಗೂ ಬೇಡ. ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಶಿಶುವಿನ ಕರುಳಿನಲ್ಲಿ ಬೆಳೆದು ಸ್ನಾಯುಗಳನ್ನು ನಿಶ್ಶಕ್ತಗೊಳಿಸುವ ವಿಷ ಉಂಟುಮಾಡಬಲ್ಲವು. ಬೊಟುಲಿಸಂ ಎಂದರೆ ಇದೇ.

ಹಾಗಾದರೆ ಮಗುವಿಗೆ ಆರಾಮ ಕೊಡುವುದು ಹೇಗೆ?

ಸುರಕ್ಷಿತ ಉಪಾಯಗಳೆಲ್ಲ ಸರಳ, ಖರ್ಚಿಲ್ಲದವು.

ಕೈ ಚೆನ್ನಾಗಿ ತೊಳೆದು, ಬೆರಳಿನಿಂದ ಉಬ್ಬಿದ ವಸಡನ್ನು ಒಂದೆರಡು ನಿಮಿಷ ಮೆಲ್ಲಗೆ ಉಜ್ಜಿ. ಒತ್ತಿದರೆ ನೋವು ತಗ್ಗುತ್ತದೆ, ಅದಕ್ಕೇ ಮಗು ಎಲ್ಲವನ್ನೂ ಕಚ್ಚುವುದು. ಕುದಿಸಿ ಆರಿಸಿದ ನೀರಿನಲ್ಲಿ ಸ್ವಚ್ಛವಾದ ಹತ್ತಿ ಬಟ್ಟೆ ಅದ್ದಿ, ಹಿಂಡಿ, ಫ್ರಿಜ್‌ನಲ್ಲಿ ತಣ್ಣಗೆ ಮಾಡಿ ಕಚ್ಚಲು ಕೊಡಿ. ಟೀಥರ್ ಕೊಡುವುದಾದರೆ ಒಳಗೆ ನೀರು ತುಂಬಿರದ, ಒಂದೇ ತುಂಡಿನ ಗಟ್ಟಿ ರಬ್ಬರ್ ಅಥವಾ ಸಿಲಿಕೋನ್‌ನದ್ದು ಕೊಡಿ. ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಕಲ್ಲಿನಂತೆ ಹೆಪ್ಪುಗಟ್ಟಿದ್ದು ವಸಡಿಗೆ ಗಾಯ ಮಾಡುತ್ತದೆ. ನೆಲಕ್ಕೆ ಬಿದ್ದಾಗಲೆಲ್ಲ ತೊಳೆಯಿರಿ, ಇಲ್ಲದಿದ್ದರೆ ಅದೇ ಭೇದಿಗೆ ದಾರಿ.

ಊಟ ಶುರುವಾದ ಮಗುವಿಗೆ ತಣ್ಣಗಿನ ಮೊಸರು, ಹಿಸುಕಿದ ಬಾಳೆಹಣ್ಣು ಹಿತ. ಹಸಿ ಕ್ಯಾರೆಟ್, ಸೇಬಿನ ತುಂಡು, ರಸ್ಕ್ ಕಚ್ಚಲು ಕೊಡುವ ರೂಢಿಯಿದೆ. ತುಂಡಾಗಿ ಉಸಿರಿಗೆ ಅಡ್ಡ ಬರಬಹುದು, ಬೇಡ. ಜೊಲ್ಲಿನಿಂದ ಗಲ್ಲ, ಕುತ್ತಿಗೆ ಕೆಂಪಾದರೆ ಉಜ್ಜದೆ ಒತ್ತಿ ಒರೆಸಿ, ಮಲಗುವ ಮುಂಚೆ ತೆಳ್ಳಗೆ ವ್ಯಾಸಲೀನ್ ಹಚ್ಚಿ. ಎಲ್ಲಕ್ಕಿಂತ ದೊಡ್ಡ ಔಷಧ ಎತ್ತಿಕೊಳ್ಳುವುದು, ಹಾಲೂಡಿಸುವುದು, ಮಾತಾಡಿಸುವುದು.

ಇಷ್ಟಾದರೂ ರಾತ್ರಿ ನೋವಿನಿಂದ ಅಳುತ್ತಿದ್ದರೆ ಪ್ಯಾರಾಸಿಟಮಾಲ್ ಕೊಡಬಹುದು, ಆದರೆ ವೈದ್ಯರು ಮಗುವಿನ ತೂಕ ನೋಡಿ ಹೇಳಿದ ಪ್ರಮಾಣದಲ್ಲಿ ಮಾತ್ರ. ಇಲ್ಲಿ ಆಗುವ ಸಾಮಾನ್ಯ ತಪ್ಪೊಂದಿದೆ. ಶಿಶುಗಳ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿಲಿಲೀಟರ್‌ಗೆ 100 ಮಿಲಿಗ್ರಾಂ ಔಷಧವಿರುತ್ತದೆ. ಸಿರಪ್‌ನಲ್ಲಿ 5 ಮಿಲಿಲೀಟರ್‌ಗೆ 125 ಅಥವಾ 250 ಮಿಲಿಗ್ರಾಂ. ಅಂದರೆ ಡ್ರಾಪ್ಸ್ ಎರಡರಿಂದ ನಾಲ್ಕು ಪಟ್ಟು ಗಾಢ. ಸಿರಪ್‌ಗೆ ಹೇಳಿದ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ಮಗುವಿನ ಯಕೃತ್ತಿಗೆ ಅಪಾಯ. ಎಷ್ಟು ಮಿಲಿಲೀಟರ್ ಎಂಬುದರ ಜೊತೆಗೆ ಯಾವ ಬಾಟಲಿ ಎಂಬುದನ್ನೂ ಬರೆಸಿಕೊಳ್ಳಿ. ಮಕ್ಕಳಿಗೆ ಆಸ್ಪಿರಿನ್ ಬೇಡ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ನಮ್ಮ ದೇಶ 2011ರಲ್ಲೇ ನಿಷೇಧಿಸಿದೆ.

ವೈದ್ಯರ ಬಳಿ ಯಾವಾಗ ಹೋಗಬೇಕು, ಹೋದಾಗ ಏನು ಹೇಳಬೇಕು?

ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಮುಟ್ಟಿದರೆ ಆಗಲೇ ಹೊರಡಿ. ದೊಡ್ಡ ಶಿಶುವಿಗೂ ಜ್ವರ ಒಂದು ದಿನಕ್ಕಿಂತ ಹೆಚ್ಚು ಇದ್ದರೆ ತೋರಿಸಿ. ಈ ಕೆಳಗಿನವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ: ಆರು ಗಂಟೆಯಿಂದ ಮೂತ್ರವಿಲ್ಲ, ಅತ್ತರೂ ಕಣ್ಣೀರಿಲ್ಲ, ಬಾಯಿ ಒಣಗಿದೆ, ಕಣ್ಣು ಅಥವಾ ನೆತ್ತಿಯ ಮೆತ್ತನೆ ಭಾಗ ಒಳಗೆ ಹೋಗಿದೆ, ಮಲದಲ್ಲಿ ರಕ್ತ, ಕುಡಿದದ್ದೆಲ್ಲ ವಾಂತಿ, ಹಾಲು ಬೇಡವೆನ್ನುವುದು, ಎಬ್ಬಿಸಿದರೂ ಏಳದ ಮಂಪರು, ಉಸಿರಾಟ ಜೋರು ಅಥವಾ ಪಕ್ಕೆ ಸೆಳೆತ, ಫಿಟ್ಸ್. ಒಂದೇ ಸಮನೆ ಕಿವಿ ಎಳೆದುಕೊಂಡು ಅಳುತ್ತ ಜ್ವರವೂ ಇದ್ದರೆ ಅದು ಹಲ್ಲಲ್ಲ, ಕಿವಿಯ ಸೋಂಕು ಇರಬಹುದು.

ಪರಭಾಷೆಯ ಊರಿನಲ್ಲಿ ವೈದ್ಯರ ಮುಂದೆ ಕೂತಾಗ ನಮಗೆ ಮೊದಲು ಬಾಯಿಗೆ ಬರುವುದೇ ‘ಹಲ್ಲು ಬರ್ತಿದೆ ಅನ್ಸುತ್ತೆ’ ಎಂಬ ವಾಕ್ಯ, ಹಿಂದಿಯಲ್ಲೋ ಮರಾಠಿಯಲ್ಲೋ. ಅದನ್ನು ಕೊನೆಗೆ ಹೇಳಿ. ಮೊದಲು ಲೆಕ್ಕ ಹೇಳಿ: ಥರ್ಮಾಮೀಟರ್ ಎಷ್ಟು ತೋರಿಸಿತು, ಯಾವಾಗಿನಿಂದ, ನಿನ್ನೆಯಿಂದ ಎಷ್ಟು ಸಲ ಭೇದಿ, ಎಷ್ಟು ಸಲ ಮೂತ್ರ, ಎಷ್ಟು ಕುಡಿದಿದೆ, ಯಾವ ಔಷಧ ಎಷ್ಟು ಕೊಟ್ಟಿದ್ದೀರಿ. ಇಷ್ಟನ್ನು ಒಂದು ಚೀಟಿಯಲ್ಲೋ ಫೋನಿನಲ್ಲೋ ಬರೆದಿಟ್ಟುಕೊಂಡು ಹೋಗಿ. ಅಂಕಿಗಳಿಗೆ ಭಾಷೆಯ ತೊಡಕಿಲ್ಲ. ಡೇ ಕೇರ್‌ನವರಿಗೂ ಇದನ್ನೇ ತಿಳಿಸಿ: ಮಗುವಿಗೆ ಭೇದಿಯಾದರೆ ಹಲ್ಲೆಂದು ಬಿಡದೆ ಎಷ್ಟು ಸಲ ಎಂದು ಫೋನ್ ಮಾಡಲಿ.

ಊರಿನಿಂದ ಅಜ್ಜಿ ಫೋನ್ ಮಾಡಿದಾಗ ಜಗಳ ಬೇಕಿಲ್ಲ. “ಹೌದಜ್ಜಿ, ಹಲ್ಲೂ ಬರ್ತಿದೆ. ಜ್ವರಾನೂ ಇದೆ, ಅದಕ್ಕೆ ಡಾಕ್ಟರ್ ಹತ್ರ ಹೋಗ್ತಿದೀವಿ” ಎಂದರೆ ಸಾಕು. ಎರಡೂ ಒಟ್ಟಿಗೆ ಇರಬಹುದು, ಆದರೆ ಒಂದು ಇನ್ನೊಂದಕ್ಕೆ ಕಾರಣವಲ್ಲ.

ಇನ್ನು ಆ ಮೊದಲ ಹಲ್ಲು. ಅದು ಕಂಡ ದಿನದಿಂದಲೇ ದಿನಕ್ಕೆರಡು ಸಲ ಮೆತ್ತನೆಯ ಪುಟ್ಟ ಬ್ರಷ್‌ನಲ್ಲಿ, ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಚ್ಚಿ ಉಜ್ಜಬೇಕು. ಬಾಯಲ್ಲಿ ಹಾಲಿನ ಬಾಟಲಿ ಇಟ್ಟು ಮಲಗಿಸಬಾರದು. ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸಬೇಕು. ಹಲ್ಲು ಹುಟ್ಟುವಾಗ ಪಡುವ ಆತಂಕದಲ್ಲಿ ಸ್ವಲ್ಪವನ್ನಾದರೂ ಹುಟ್ಟಿದ ಹಲ್ಲು ಹುಳುಕಾಗದಂತೆ ನೋಡಿಕೊಳ್ಳುವುದರಲ್ಲಿ ತೋರಿಸಿದರೆ ಮಗುವಿಗೆ ಹೆಚ್ಚು ಲಾಭ.